ಬಿಚ್ಚಿಟ್ಟ ಜೀಪು

ನಗರಗೆರೆ
೧೯-೧೧-೧೯೬೧

ಪ್ರೀತಿಯ ಗೆಳೆಯ ದಕ್ಷಿಣಾಮೂರ್ತಿಗೆ,

ಗಂಗುಲಪ್ಪನ ನಮಸ್ಕಾರ. ನಾವು ಹೀಗೇ ಇದ್ದೇವೆ. ನೀನು, ಗೋದಮ್ಮನವರು, ಮಕ್ಕಳು ನಮಗಿಂತ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಸರೆಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡ. ಕಾಗದ ಮುಟ್ಟಿದರೆ ಸಾಕು, ಕೈಗೆ ಮೆತ್ತಿದ ಗ್ರೀಸು ಅದಕ್ಕೆ ಅಂಟಿ ಅಕ್ಷರವೇ ಕಾಣುವುದಿಲ್ಲ. ಇವತ್ತು ಅಶ್ವತ್ಥಮ್ಮ ಸೀಗೇಪುಡಿ ಹಾಕಿ ನನ್ನ ಕೈ ತೊಳೆಸಿ, ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಮದರಾಸಿನಲ್ಲಿ ನೀನೊಬ್ಬ ಇದ್ದೀಯಲ್ಲ ಎಂದು ಅವಳಿಗೆ ಧೈರ್ಯ. ಗಂಡನ ಮೇಲೆ ಇಲ್ಲದ ನಂಬಿಕೆ ಗಂಡನ ಗೆಳೆಯನ ಮೇಲೆ.

ನನ್ನ ಮಿಲಿಟರಿ ಜೀಪು ನಿನಗೆ ನೆನಪಿರಬೇಕು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಹಿಡಿದದ್ದು. ನೀನು ಅದರಲ್ಲಿ ಕೂತು ನಂದಿಬೆಟ್ಟಕ್ಕೆ ಬಂದು, ಇಳಿದ ಮೇಲೆ ಅರ್ಧ ದಿನ ಸೊಂಟ ಹಿಡಿದುಕೊಂಡು ಓಡಾಡಿದವನು. ಈಗ ಅದರ ಇಂಜಿನ್ನು ನಮ್ಮ ಪಡಸಾಲೆಯಲ್ಲಿದೆ. ಬಾವಿಯ ರಾಟೆ ಬಿಚ್ಚಿ ತಂದು ಹುಣಸೆಮರದ ಕೊಂಬೆಗೆ ಕಟ್ಟಿ, ಆಳುಗಳ ಕೈಲಿ ಹಗ್ಗ ಎಳೆಸಿ ಅದನ್ನು ಮೇಲೆತ್ತಿದೆ. ಗ್ಯಾರೇಜಿಗೆ ಯಾಕೆ ಕೊಡಲಿಲ್ಲ ಎಂದು ನೀನು ಕೇಳುತ್ತೀಯ. ಗ್ಯಾರೇಜಿನವರು ಎಲ್ಲಾ ಸರಿಯಾಗಿದೆ ಎಂದು ಕಳಿಸಿಕೊಟ್ಟ ಗಾಡಿಯೇ ಹೋದ ವರ್ಷ ಕೆರೆ ಏರಿಯ ಮೇಲೆ ನಿಂತುಬಿಟ್ಟದ್ದು. ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದ ಮಗಳು ರಾಮಲಕ್ಷ್ಮಿ ಒಳಗೆ ನೋವಿನಲ್ಲಿದ್ದಳು. ಎತ್ತಿನ ಗಾಡಿ ಹುಡುಕಿ, ಕಟ್ಟಿಸಿ, ಗೌರಿಬಿದನೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ಮಗು ಹೋಗಿತ್ತು. ಆಗ ನಿನಗೆ ಎರಡೇ ಸಾಲು ಬರೆದಿದ್ದೆ. ಈಗಲೂ ಇಷ್ಟು ಸಾಕು. ಹೆಚ್ಚು ಬರೆದರೆ ಪಕ್ಕದಲ್ಲಿ ಕೂತವಳು ಎದ್ದು ಒಳಗೆ ಹೋಗುತ್ತಾಳೆ.

ಮಗಳಿಗೆ ಈಗ ಮತ್ತೆ ಏಳು ತಿಂಗಳು. ಎಂಟಕ್ಕೆ ಬಿದ್ದರೆ ಬಸುರಿಯನ್ನು ಊರು ದಾಟಿಸಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಅಮಾವಾಸ್ಯೆಯೊಳಗೆ ಅವಳನ್ನು ಶಿಡ್ಲಘಟ್ಟದಿಂದ ಕರೆತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲವಾದರೂ ಮಗಳ ಬಾಣಂತನ ತನ್ನ ಕೈಯಲ್ಲೇ ಆಗಬೇಕು, ಮಗುವಿಗೆ ತಾನೇ ನೀರೆರೆಯಬೇಕು ಎಂದು ಅಶ್ವತ್ಥಮ್ಮ ಹಟ ಹಿಡಿದಿದ್ದಾಳೆ. ಅದಕ್ಕೇ ನಾನು ಇನ್ನೊಬ್ಬರ ಮಾತು ನಂಬುವುದು ಬೇಡವೆಂದು, ಒಂದೊಂದು ಬೋಲ್ಟನ್ನೂ ನನ್ನ ಕೈಯಾರೆ ಬಿಗಿಯಬೇಕೆಂದು ಕೂತೆ.

ಬಿಚ್ಚುವುದೇನೋ ಬಿಚ್ಚಿದೆ. ಸಾಮಾನನ್ನೆಲ್ಲ ರೇಷ್ಮೆಹುಳು ಮೇಯಿಸುವ ಬಿದಿರು ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ ಸೀಮೆಎಣ್ಣೆಯಲ್ಲಿ ತೊಳೆದೆ. ಆ ವಾಸನೆಗೆ ಒಳಮನೆಯ ಹುಳುಗಳು ಸೊಪ್ಪು ಬಿಟ್ಟವು. ಬೆಳೆ ಪೂರ್ತಿ ತಿಪ್ಪೆ ಸೇರಿತು. ಬೇರೆ ಹೆಂಗಸಾಗಿದ್ದರೆ ಸ್ಪ್ಯಾನರು ತೆಗೆದುಕೊಂಡು ನನ್ನ ತಲೆಗೇ ಹಾಕುತ್ತಿದ್ದಳು. ಇವಳು ಜೀಪು ಯಾವತ್ತಿಗೆ ಓಡುತ್ತದೆ ಎಂದು ಮಾತ್ರ ಕೇಳಿದಳು.

ಪಿಸ್ಟನ್ ರಿಂಗು ತರಲು ನಾನು ಬೆಂಗಳೂರಿಗೆ ಹೋದದ್ದು ಆಯುಧಪೂಜೆಯ ಹಿಂದಿನ ದಿನ. ಪೂಜೆಯ ಬೆಳಿಗ್ಗೆ ಬಂದು ನೋಡುತ್ತೇನೆ, ತಟ್ಟೆಯಲ್ಲಿದ್ದ ಸಾಮಾನೆಲ್ಲ ಫಳಫಳ ಹೊಳೆಯುತ್ತಿದೆ. ಅರಿಶಿನ ಕುಂಕುಮ ಇಟ್ಟಾಗಿದೆ, ಸೇವಂತಿಗೆ ಹೂ ಏರಿಸಿಯಾಗಿದೆ. ನಮ್ಮಮ್ಮ ಅಮ್ಮಾಜಮ್ಮನವರ ಕೆಲಸ. ಮಸಿ ಹಿಡಿದದ್ದನ್ನು ದೇವರ ಮುಂದೆ ಇಡಬಾರದೆಂದು, ಪೂಜೆಯ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಎಲ್ಲವನ್ನೂ ತಿಕ್ಕಿ ಬೆಳಗಿಟ್ಟಿದ್ದರು. ಎಂಬತ್ತರ ಹತ್ತಿರದ ಮುದುಕಿ, ಒಂದು ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ತಿಕ್ಕಿದ್ದಾರೆ. ನನ್ನ ಪೆದ್ದುತನ ನೋಡು, ಕಣ್ಣು ತುಂಬಿ ಬಂದು ಅವರ ಕಾಲಿಗೆ ಬಿದ್ದೆ. ಮಂಗಳಾರತಿ ಆದ ಮೇಲೆ ಒಂದು ಬಟ್ಟೆಯಲ್ಲಿ ಒರೆಸಿ ಹಾಗೆಯೇ ಜೋಡಿಸಿಬಿಟ್ಟೆ.

ಇಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕ್ ಎಂಬ ಉಕ್ಕಿನ ದಂಡವೊಂದು ತಿರುಗುತ್ತದೆ. ಅದು ಕೂರುವ ಬೇರಿಂಗುಗಳ ಒಳಮೈ ಮೆತ್ತನೆಯ ಲೋಹ. ಇಟ್ಟಿಗೆಪುಡಿ ಆ ಮೆತ್ತನೆಯದರೊಳಗೆ ಹೂತು ಕೂತಿತ್ತು. ದೀಪಾವಳಿಗೆ ಜೀಪು ಚಾಲೂ ಆಯಿತು, ಮೂರ್ತಿ. ಬೀದಿಯವರೆಲ್ಲ ಬಂದು ನಿಂತರು. ಅಶ್ವತ್ಥಮ್ಮ ಆರತಿ ತರಲು ಒಳಗೆ ಹೋದಳು. ಅವಳು ಹೊರಗೆ ಬರುವಷ್ಟರಲ್ಲಿ ಇಂಜಿನ್ನಿನೊಳಗಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಎದ್ದು, ಕಿರುಗುಟ್ಟಿ, ಹಿಡಿದುಕೊಂಡು ನಿಂತೇಹೋಯಿತು. ಮತ್ತೆ ಬಿಚ್ಚಿದರೆ ಕ್ರ್ಯಾಂಕಿನ ಮೈಯೆಲ್ಲ ನೇಗಿಲು ಹೊಡೆದ ಹೊಲದ ಹಾಗೆ ಗೀರು. ಅದನ್ನು ಹೊತ್ತು ಬೆಂಗಳೂರಿಗೆ ಹೋದರೆ, ಮೊದಲೇ ಸವೆದದ್ದು, ಇನ್ನು ಗೀರು ಹೋಗುವಷ್ಟು ಅರೆದರೆ ಮುರಿಯುತ್ತದೆ, ಬೇರೆಯದೇ ಬೇಕು ಎಂದು ವಾಪಸು ಕೊಟ್ಟರು.

ನನ್ನ ಮುಖ ನೋಡಿ ಅಮ್ಮನಿಗೆ ಅನುಮಾನ ಬಂತು. ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಏನೋ ನಾಯನಾ, ನಾನೇನಾದ್ರೂ ಕೆಡಿಸಿಬಿಟ್ನಾ?"

"ಇಲ್ಲಮ್ಮಾ, ಹಳೇ ಕಬ್ಬಿಣ, ಅದ್ರ ಆಯಸ್ಸೇ ಅಷ್ಟು" ಅಂದೆ.

ಹೋದ ಸೋಮವಾರ ಬಸ್ಸಿನಲ್ಲೇ ಶಿಡ್ಲಘಟ್ಟಕ್ಕೆ ಹೋಗಿಬಂದೆ. ಬೀಗರು ಮುನಿವೆಂಕಟಪ್ಪನವರದು ದೊಡ್ಡ ಮನಸ್ಸು. ಜೀಪಾದರೇನು ಬಸ್ಸಾದರೇನು, ನಿಮ್ಮ ಮಗಳು, ಧಾರಾಳವಾಗಿ ಕರೆದುಕೊಂಡು ಹೋಗಿ ಎಂದರು. ರಾಮಲಕ್ಷ್ಮಿಯೇ ಬಸ್ಸಿನ ಕುಲುಕಾಟ ಬೇಡ, ಜೀಪು ರಿಪೇರಿ ಆದ ಮೇಲೆ ಬರುತ್ತೇನೆ ಎಂದಳು. ಮೈಕೈ ತುಂಬಿಕೊಂಡಿದ್ದಾಳೆ, ಅಮ್ಮ ಕಳಿಸಿದ ತಂಬಿಟ್ಟನ್ನು ಅಲ್ಲೇ ಕೂತು ತಿಂದಳು. ಇದನ್ನು ಹೇಳಿದಾಗಿನಿಂದ ಅಶ್ವತ್ಥಮ್ಮ ನನ್ನನ್ನು ಕೂರಲು ಬಿಟ್ಟಿಲ್ಲ.

ನಿನ್ನಿಂದ ಆಗಬೇಕಾದದ್ದು ಇಷ್ಟು. ಮದರಾಸಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಮಿಲಿಟರಿ ಜೀಪಿನ ಕ್ರ್ಯಾಂಕು, ಅದಕ್ಕೊಪ್ಪುವ ಬೇರಿಂಗು ಸಿಗುತ್ತವಂತೆ. ನೀನು ರೈಲ್ವೆಯವನು, ಸಿಕ್ಕಿದ ದಿನವೇ ಗೌರಿಬಿದನೂರು ಸ್ಟೇಷನ್ನಿಗೆ ಪಾರ್ಸಲ್ ಹಾಕಿಸಬಲ್ಲೆ. ಅಮಾವಾಸ್ಯೆಯ ಮಾತು ಮರೆಯಬೇಡ ಎಂದು ಇವಳು ಎರಡನೇ ಸಲ ಹೇಳುತ್ತಿದ್ದಾಳೆ.

ಗೋದಮ್ಮನವರ ಕಾಲುನೋವಿಗೆ ಅಮ್ಮ ಹರಳೆಣ್ಣೆ ಬಿಸಿಮಾಡಿ ಹಚ್ಚಲು ಹೇಳಿದ್ದಾರೆ. ನಿನ್ನ ಮಕ್ಕಳು ವಿದ್ಯೆಯಲ್ಲೂ ಆಯುಷ್ಯದಲ್ಲೂ ಬೆಳೆಯಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಗಂಗುಲಪ್ಪ

ತಾ. ಕ.: ಮೇಲಿನದನ್ನು ಅಶ್ವತ್ಥಮ್ಮನಿಗೆ ಪೂರ್ತಿ ಓದಿ ಹೇಳಿದ್ದೇನೆ. ಇದನ್ನು ಗೌರಿಬಿದನೂರಿನ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ.

ಬಸ್ಸಿನ ಕುಲುಕಾಟದ ಮಾತು ರಾಮಲಕ್ಷ್ಮಿ ಎಲ್ಲರೆದುರು ಆಡಿದ್ದು. ನನ್ನನ್ನು ಕಳಿಸಲು ಬೀದಿಯ ತಿರುವಿನವರೆಗೆ ಬಂದು ಬೇರೆಯೇ ಹೇಳಿದಳು: "ಅಪ್ಪಾ, ಜೀಪು ಬಿಚ್ಚಿಟ್ಟಿದ್ದೀಯ ಅಂತ ಕೇಳಿದ್ಮೇಲೇನೇ ನಂಗೆ ನಿದ್ದೆ ಬಂದಿದ್ದು. ಅದು ಹಂಗೇ ಇರ್ಲಿ. ಸರಿಹೋದ್ರೆ ನೀನು ಕರೆಯಕ್ಕೆ ಬರ್ತೀಯ. ಬರಲ್ಲ ಅಂತ ಅಮ್ಮನ ಮುಖ ನೋಡಿ ಹೇಳಕ್ಕೆ ನನ್ನ ಕೈಲಾಗಲ್ಲ. ಆ ಮನೇಲಿ ಇನ್ನೊಂದು ಸಲ ನೋವು ತಿನ್ನಕ್ಕೂ ಆಗಲ್ಲಪ್ಪ."

ಆಯ್ತಮ್ಮ ಅಂದೆ. ಬಸ್ಸು ಹತ್ತಿದೆ.

ಅಶ್ವತ್ಥಮ್ಮ ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಹಳೇ ಸೀರೆ ಹರಿದು ಮಗುವಿಗೆ ಬಟ್ಟೆ ಹೊಲಿಯುತ್ತಿದ್ದಾಳೆ. ರಾಮಲಕ್ಷ್ಮಿಗೆ ನಮ್ಮ ಮನೆಯೆಂದರೆ ಭಯ ಎಂದು ಅವಳಿಗೆ ಹೇಳುವ ಬಾಯಿ ನನಗಿಲ್ಲ. ದಿನವೂ ಆ ಇಂಜಿನ್ನಿನ ಮುಂದೆ ಕೂತು, ಏನೋ ಮಾಡುತ್ತಿರುವವನ ಹಾಗೆ ಒರೆಸಿದ್ದನ್ನೇ ಒರೆಸುತ್ತಿರುತ್ತೇನೆ.

ಆದ್ದರಿಂದ ಏನನ್ನೂ ಹುಡುಕಬೇಡ, ಮೂರ್ತಿ. ಕಣ್ಣೆದುರೇ ಬಿದ್ದಿದ್ದರೂ ಕೊಳ್ಳಬೇಡ. ಇಡೀ ಮದರಾಸಿನಲ್ಲಿ ಸಿಗಲಿಲ್ಲವೆಂದು ಒಂದು ಕಾರ್ಡು ಬರೆ, ಅವಳಿಗೆ ಓದಿ ಹೇಳುತ್ತೇನೆ. ಅವಳು ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ನಮ್ಮ ರಾಮಲಕ್ಷ್ಮಿಗಾಗಿ ಅಷ್ಟು ಬೈಸಿಕೋ.