ಹೊಸ್ತಿಲ ದಾಟದ ಹದ

ಅಪ್ಪಾ,

ನಿನ್ನ ಮಣ್ಣ ಮಾಡಿ ಎಷ್ಟ ವರ್ಷಾತು, ಈ ಕಾಗದ ಯಾವ ಟಪ್ಪಾಲಿಗೆ ಹಾಕಲಿ? ಆದ್ರೂ ನಿನಗ ಹೇಳದ ಇನ್ಯಾರಿಗೆ ಹೇಳಲಿ.

ಕೊಪ್ಪಳದಾಗ ನಿಜಾಮ ಸರಕಾರದವ್ರು ಕೈಕಸಬಿನ ತರಬೇತಿ ಸಾಲಿ ತೆಗೆದಿದ್ರು. ನಮ್ಮ ಕಿನ್ನಾಳದ ಗೊಂಬಿ ಕೆಲಸ ಕಲಿಸಾಕ ನನ್ನ ಉಸ್ತಾದ ಮಾಡಿದ್ರು. ಇವತ್ತ ಅದನ್ನ ಮುಚ್ಚಿದ್ರು.

ಕಟಗಿ ಕೆತ್ತೂದು, ಬಣ್ಣ ಅರೆಯೂದು ಎಲ್ಲಾ ಕಲಿಸಿದೆ. ತವರದ ಪುಡಿಗೆ ಅಂಟು ಕಲಸಿ ಬಂಗಾರದಂಗ ಹೊಳಸೂ ಹದ ಮಾತ್ರ ಹೇಳಲಿಲ್ಲ. ಮನಿ ಹೊರಗ ಹೇಳಬಾರದಂತ ನೀ ಆಣಿ ಮಾಡಿಸಿದ್ದಿ. ಅದಕ್ಕ ಸುಳ್ಳ ಹದ ತೋರಿಸಿದೆ.

ಇವತ್ತ ಸರಕಾರದ ಸಾಹೇಬರು ಸಾಲಿ ನೋಡಾಕ ಬಂದು, ನನ್ನ ಶಿಷ್ಯ ವೆಂಕೋಬ ಮಾಡಿದ ಗರುಡನ ರೆಕ್ಕಿ ಮುಟ್ಟಿದ್ರು. ಬಂಗಾರದ ಬಣ್ಣ ಹಪ್ಪಳದಂಗ ಎದ್ದು ಅವರ ಕೈಗೆ ಬಂತು. ಎಲ್ಲಾರ ಗೊಂಬಿನೂ ಹಂಗ. "ಈ ಕಸಬು ಕಲಿಸಾಕ ಬರೂದಲ್ಲ, ಬಂದ್ ಮಾಡ್ರಿ" ಅಂದು ಹೊಂಟ್ರು.

ವೆಂಕೋಬ ಹೆಂಡ್ತಿ ಮಕ್ಕಳನ್ನ ಬೇವೂರಾಗ ಬಿಟ್ಟು ಕಲಿಯಾಕ ಬಂದಿದ್ದ. "ಉಸ್ತಾದ್ರ, ನಂದೇನ ತಪ್ಪಾತ್ರಿ?" ಅಂದ.

"ನಿನ್ನ ಕೈ ಸರಿ ಇಲ್ಲಪಾ" ಅಂದೆ.

ಅವ ತನ್ನ ಕೈ ತಿರುವಿ ತಿರುವಿ ನೋಡ್ಕೋತ ಬೇವೂರಿಗೆ ಹೊಂಟ ಹೋದ. ಆ ಕೈ ನನ್ನ ಕೈಗಿಂತ ಭಾಳ ಛಲೋ ಅದಾವಪಾ.

ನಿನಗ ಇದ್ದ ಒಬ್ಬನ ಮೊಮ್ಮಗ, ನನ್ನ ಮಗ ಉಮಾಪತಿ ಪ್ಲೇಗಿನಾಗ ಹೋದ. ನನ್ನ ಕಣ್ಣು ಮಂಜಾಗ್ಯಾವ, ಕುಂಚದ ತುದಿ ಕಾಣವಲ್ದು. ನಿನ್ನ ಹದ ಹೊಸ್ತಿಲ ದಾಟಿಲ್ಲ. ಒಳಗ ನಾ ಒಬ್ಬನ ಅದೀನಿ.

ಆಣಿ ಬಿಡಿಸಪಾ. ಒಂದ ಸಲ ಹ್ಞೂಂ ಅನ್ನು. ಬೇವೂರಿನ ದಾರಿ ಅಷ್ಟ ಇನ್ನೂ ಕಾಣತೈತಿ ನನಗ.