ಹನ್ನೆರಡನೇ ತಾರೀಖಿನ ಗಡ್ಡ

ಜುಲೈ ೧೨, ಮಂಗಳವಾರ, ಮಧ್ಯಾಹ್ನ

ಅಂಗಡಿಗೆ ವಾರಕ್ಕೊಂದು ರಜೆ. ಅದಕ್ಕೂ ಕಲ್ಲು ಬಿತ್ತು. ಮನೆಯಲ್ಲಿ ಕ್ಷೌರದ ಕತ್ತಿ ಮಸೆಯುತ್ತ ಕೂತಿದ್ದೆ, ಠಾಣೆಯಿಂದ ಪೇದೆ ಬಂದ. "ಪೆಟ್ಟಿಗೆ ತಗೊಂಡು ಬಾ ಯಜಮಾನ. ಒಬ್ಬನಿಗೆ ಗಡ್ಡ ತೆಗೀಬೇಕು. ಜಡ್ಜ್ ಮುಂದೆ ನಿಲ್ಸೋವಾಗ ಮನುಷ್ಯನ ಹಾಗಾದ್ರೂ ಕಾಣ್ಲಿ."

ಹಿಂದಿನ ಕೋಣೆ. ಕುರ್ಚಿಗೆ ಕಟ್ಟಿದ್ದರು. ಟೈಲರನ್ನು ಕೊಂದವನು ಇವನೇ ಅಂದರು. ಶುಕ್ರವಾರದ ತನಕ ನನ್ನ ಗೋಡೆಯಾಚೆ ಮಿಷನ್ ತುಳಿಯುತ್ತಿದ್ದ ಟೈಲರು... ಮೂವತ್ತು ವರ್ಷದ ಜಗಳ, ಮೂವತ್ತು ವರ್ಷದ ಸ್ನೇಹ.

ಇವನ ದವಡೆ ಊದಿತ್ತು. ಕಿವಿಯ ಹಿಂದೆ ಹೆಪ್ಪುಗಟ್ಟಿದ ರಕ್ತ. ಏಟು ಸರಿಯಾಗಿಯೇ ಬಿದ್ದಿವೆ. ಬೀಳಲಿ.

ನೊರೆ ಹಚ್ಚುವಾಗ "ನೀರು" ಅಂದ. ಬಟ್ಟಲು ನನ್ನ ಕೈಯಲ್ಲೇ ಇತ್ತು. ಕೊಡಲಿಲ್ಲ.

ಜುಲೈ ೧೫, ಶುಕ್ರವಾರ

ಪೇಪರಿನಲ್ಲಿ ಅವನ ಸುದ್ದಿ ಬಂದಿದೆ. ನಿನ್ನೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದನಂತೆ. ಸಂಜೆ ಜಡ್ಜ್ ಮುಂದೆ ತಾನಾಗಿಯೇ ಒಪ್ಪಿಕೊಂಡನಂತೆ.

ಎರಡು ಸಲ ಓದಿದೆ. ನಿನ್ನೆ ಸಿಕ್ಕವನಿಗೆ ಮಂಗಳವಾರ ಗಡ್ಡ ತೆಗೆದವನು ಯಾರು ಹಾಗಾದರೆ, ನನ್ನ ದೆವ್ವವೇ?

ನನಗ್ಯಾಕೆ ಬೇಕು. ಟೈಲರನ ಹೆಂಡತಿಗೆ ಹೋಗಿ ಹೇಳಿದೆ, ಒಪ್ಪಿಕೊಂಡನಮ್ಮ ಅಂತ. ಹೊಲಿಯದೆ ಬಿಟ್ಟ ಬಟ್ಟೆ ಮಡಿಚುತ್ತಿದ್ದಳು. ತಲೆ ಎತ್ತಲಿಲ್ಲ.

ಫೆಬ್ರವರಿ ೮, ಬುಧವಾರ

ಠಾಣೆಯಲ್ಲಿ ನಾನು ಗಡ್ಡ ತೆಗೆದವನ ಕಡೆ ಲಾಯರಮ್ಮ ಅಂಗಡಿಗೆ ಬಂದಿದ್ದಳು. ಚಿಕ್ಕ ಹುಡುಗಿ. ಅಜ್ಜಾ ಅಂದಳು. ಕತ್ತಿ ಹಿಡಿದು ನಿಂತವನನ್ನು ಅಜ್ಜ ಅನ್ನಬೇಡ ಅಂದೆ.

"ವಯಸ್ಸಾದವರೊಬ್ರು ಠಾಣೆಗೆ ಬಂದು ಶೇವ್ ಮಾಡಿದ್ರು ಅಂತಾನೆ. ಯಾವತ್ತು ಅಂತ ಅವನಿಗೆ ಗೊತ್ತಿಲ್ಲ. ನಿಮಗೆ?"

"ನೆನಪಿಲ್ಲ. ಅವನು ಕೊಂದಿಲ್ಲ ಅಂತೀಯಾ?"

"ನಂಗೂ ಗೊತ್ತಿಲ್ಲ. ಆದ್ರೆ ಹಿಡಿದವನನ್ನ ಒಂದು ದಿನದೊಳಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು. ಬಚ್ಚಿಟ್ಟು ಹೊಡೆದು ಹೇಳಿಸಿದ್ದು ತಪ್ಪೊಪ್ಪಿಗೆ ಅಲ್ಲ. ಅದೊಂದು ಬಿಟ್ರೆ ಅವರ ಹತ್ರ ಬೇರೆ ಏನೂ ಇಲ್ಲ. ಅದರ ಮೇಲೇ ಗಲ್ಲು ಕೇಳ್ತಿದ್ದಾರೆ."

ನೆನಪಿಲ್ಲ ಅಂತ ಮತ್ತೊಮ್ಮೆ ಹೇಳಿ ಕಳಿಸಿದೆ.

ಫೆಬ್ರವರಿ ೧೦, ಶುಕ್ರವಾರ

ಪೋಸ್ಟ್‌ಮಾಸ್ಟರು ನೊರೆಯೊಳಗಿಂದ ಏನೋ ಅಂದರು, ನನಗೆ "ನೀರು" ಅಂತ ಕೇಳಿತು. ಕೈ ನಿಂತೇಹೋಯಿತು.

"ಏನಂದ್ರಿ?"

"ಮೀಸೆ ಮುಟ್ಟಬೇಡ ಅಂದೆ ಕಣಯ್ಯ. ಕಣ್ಣು ಹೋಗಿತ್ತು, ಈಗ ಕಿವೀನೂ ಹೋಯ್ತಾ?"

ಯಾರ ಮುಖಕ್ಕೆ ನೊರೆ ಹಚ್ಚಿದರೂ ಅದೇ ದವಡೆ. ಬಟ್ಟಲು ಮುಟ್ಟಲು ಆಗುವುದಿಲ್ಲ.

ಫೆಬ್ರವರಿ ೧೪, ಮಂಗಳವಾರ, ಬೆಳಿಗ್ಗೆ

ಜುಲೈ ಹನ್ನೆರಡರ ಹಾಳೆ ಕೀಳಲು ಕೂತೆ. ಬರಲಿಲ್ಲ. ಈ ಪುಸ್ತಕ ಹೊಲಿದುಕೊಟ್ಟವನು ಟೈಲರೇ. "ಬರೀ ಬೈಗುಳ ಬರೀತೀಯ, ಅದಕ್ಕೇ ಕೋಟಿಗೆ ಹಾಕೋ ದಾರ ಹಾಕಿದೀನಿ" ಅಂದಿದ್ದ. ಕತ್ತಿ ತಂದೆ. ದಾರದ ಮೇಲೆ ಇಟ್ಟೆ.

ಆಗಲಿಲ್ಲ.

ಸಂಜೆ

ಟೈಲರನ ಹೆಂಡತಿಗೆ ಎಲ್ಲ ಹೇಳಿಬಿಟ್ಟೆ.

"ಎರಡು ದಿನ ಮುಂಚೆ ಹಿಡಿದ್ರೆ ಏನಣ್ಣಾ? ಹಿಡಿದ್ರಲ್ಲ."

"ಆ ಹೊಡೆತ ನನಗೆ ಬಿದ್ದಿದ್ರೆ ನಾನೂ ಒಪ್ತಿದ್ದೆ ಕಣಮ್ಮ, ನಾನೇ ಕೊಂದೆ ಅಂತ."

"ಮತ್ತೆ ಇವರನ್ನ ಕೊಂದೋರು ಯಾರು?"

ಎದ್ದು ಹೊರಟೆ. ಬಾಗಿಲ ತನಕ ಹಿಂದೆಯೇ ಬಂದಳು.

"ಬಿಡಿಸ್ಕೊಂಡು ಬನ್ನಿ. ದಿನಾ ಕೂರಿಸ್ಕೊಂಡು ಗಡ್ಡ ತೆಗೀರಿ."

ಫೆಬ್ರವರಿ ೨೦, ಸೋಮವಾರ, ಬೆಳಿಗ್ಗೆ ೯

ಲಾಯರಮ್ಮನಿಗೆ ನಾನೇ ಫೋನ್ ಮಾಡಿದ್ದೆ. ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಳೆ. ಪುಸ್ತಕ ಕೋರ್ಟಿಗೆ. ತಿರುಗಿ ಯಾವಾಗ ಬರುತ್ತದೋ.

ಎಲ್ಲರೆದುರು ಓದುತ್ತಾರಂತೆ. "ಬೀಳಲಿ" ಅಂತ ಬರೆದದ್ದು. ನೀರಿನದ್ದು. ಆ ಎರಡು ಸಾಲು ಹೊಡೆದುಹಾಕಲೇ ಅಂತ ಕೇಳಿದ್ದೆ.

"ಒಂದಕ್ಷರ ಮುಟ್ಟಬೇಡಿ ಅಜ್ಜಾ. ಅದು ಹೋದ್ರೆ ತಾರೀಖೂ ನಂಬಲ್ಲ."

ಅಜ್ಜಾ ಅಂದದ್ದಕ್ಕೆ ಬೈಯಲಿಲ್ಲ.

ಅವನೂ ಅಲ್ಲಿರುತ್ತಾನೆ. ಬಾಟಲಿಯಲ್ಲಿ ನೀರು ತುಂಬಿಕೊಂಡಿದ್ದೇನೆ. ಕೊಡಲು ಬಿಡುತ್ತಾರೋ ಇಲ್ಲವೋ. ಕೊಂದವನೇ ಆಗಿದ್ದರೆ... ಆಗಿದ್ದರೂ.

ಹಾರ್ನ್ ಹೊಡೆಯುತ್ತಿದ್ದಾಳೆ. ಬಂದೆ ತಾಯಿ, ಬಂದೆ.

ಪಕ್ಕದ ಬಾಗಿಲು ತೆಗೆದ ಸದ್ದು. ಟೈಲರನ ಹೆಂಡತಿ. ಚಪ್ಪಲಿ ಮೆಟ್ಟಿಕೊಂಡು ನೇರ ಇತ್ತ ಕಡೆಗೇ—