ದುಃಖದ ಹೊಲವೋ, ಬೀಸುವ ಕಲ್ಲಿನ ಹೊಲವೋ

ಗೋರ್ಟ್‌ನಬ್ರೋನ್, ಮೇಯೋ
೧೨ ಏಪ್ರಿಲ್ ೧೯೩೮

ಅಕ್ಕರೆಯ ಅಪ್ಪಾ,

ಕೆಮ್ಮು ಹೇಗಿದೆ? ಡಬ್ಲಿನ್ನಿನ ಆಸ್ಪತ್ರೆಯವರು ಈ ಚಳಿಯಲ್ಲೂ ಒಳ್ಳೆ ಗಾಳಿಗೆಂದು ಮಂಚವನ್ನು ವರಾಂಡಕ್ಕೆ ತಳ್ಳುತ್ತಾರಂತಲ್ಲ. ಅಮ್ಮ ಹೆಣೆದ ಕಾಲುಚೀಲ ಬಿಚ್ಚಬೇಡ. ಇಲ್ಲಿ ಎಲ್ಲರೂ ಕ್ಷೇಮ. ಕಂದು ಹಸು ಕರು ಹಾಕಿದೆ, ಹೆಣ್ಣು.

ಹೋದ ವಾರ ಊರಿಗೆ ಹೆಸರಿನ ಹಲಗೆ ನೆಡಿಸಲು ಒಬ್ಬ ಅಧಿಕಾರಿ ಬಂದಿದ್ದರು. ‘ನಿಮ್ಮೂರ ಹೆಸರಲ್ಲಿ ಗೋರ್ಟ್ ಅಂದ್ರೆ ಹೊಲ, ಸರಿ. ಬ್ರೋನ್ ಅಂದ್ರೆ ದುಃಖವೋ, ಬೀಸೋ ಕಲ್ಲೋ? ಐರಿಷ್‌ನಲ್ಲಿ ಎರಡಕ್ಕೂ ಅದೇ ಮಾತು, ಹಲಗೆ ಮೇಲೆ ಬರೆಯೋದು ಮಾತ್ರ ಬೇರೆ’ ಎಂದರು. ದುಃಖವೇ ಎಂದೆ. ಗಂಡ ಸಮುದ್ರದ ಪಾಲಾದ ಮೇಲೆ ನಮ್ಮ ಮೇಲಿನ ಹೊಲದಲ್ಲಿ ಏಳು ವರ್ಷ ಕೂತು ಅತ್ತ ನೋರಾಳ ಕಥೆಯನ್ನು ನೀನು ಹೇಳುವ ಹಾಗೆಯೇ ಹೇಳಿದೆ. ಬ್ರೀಜ್ ಅತ್ತೆ ಸುಮ್ಮನಿರುತ್ತಾಳೆಯೇ? ‘ಏಳು ವರ್ಷ ಅಳ್ತಾ ಕೂತಿದ್ರೆ ಅವಳ ಹಸು ಹಾಲು ಕರೆದೋರು ಯಾರೇ?’ ಎಂದಳು. ಅಧಿಕಾರಿ ನಕ್ಕು, ಮತ್ತೆ ಬಂದು ಬರೆದುಕೊಳ್ಳುತ್ತೇನೆ ಎಂದು ಹೋದರು; ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಶನಿವಾರ ಅದೇ ಹೊಲದಲ್ಲಿ ಆಲೂಗಡ್ಡೆ ನೆಡಲು ಅಗೆಯುತ್ತಿದ್ದಾಗ ಸಲಿಕೆ ಠಣ್ ಎಂದಿತು. ಮಣ್ಣು ಕೆದಕಿದರೆ ದುಂಡನೆಯ ಕಲ್ಲು, ನಡುವೆ ತೂತು, ಅಡಿಯಲ್ಲಿ ಅದರ ಜೋಡಿ! ಸುದ್ದಿ ಕೇಳಿ ಊರೇ ಬಂತು. ಎಂಬತ್ತನಾಲ್ಕರ ಕೋಲ್ಮನ್ ಅಜ್ಜನೂ ಕೋಲೂರಿಕೊಂಡು ಬಂದ. ಕಲ್ಲನ್ನು ಸವರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ‘ನೋರಾ ನಮ್ಮಜ್ಜಿ ಕಣೇ! ಜಮೀನ್ದಾರನ ಗಿರಣೀಲೇ ಹಿಟ್ಟು ಮಾಡಿಸಬೇಕು ಅಂತ ಅವನ ಏಜೆಂಟ ಮನೆಮನೆ ಕಲ್ಲು ಒಡೆಸ್ತಿದ್ದ. ಇವಳು ಹೂತಿಟ್ಟಳು. ಊರ ಹೆಸರಲ್ಲೇ ಕಲ್ಲಿದೆಯಲ್ಲ, ಎಲ್ಲಿ ತೋರ್ಸು ಅಂದನಂತೆ. ಕಲ್ಲಲ್ಲ ಸ್ವಾಮಿ, ದುಃಖ ಅಂತ ಎದೆ ಬಡ್ಕೊಂಡು ಅತ್ತಳಂತೆ. ಮುಳುಗಿಹೋದ ಅಂತೀರಲ್ಲ, ಆ ಗಂಡ ಬಣವೆ ಹಿಂದೆ ಬಾಯಿಗೆ ಟೋಪಿ ತುರುಕ್ಕೊಂಡು ನಗ್ತಿದ್ದನಂತೆ!’

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ಳು. ಆಣೆ ಬಿಡಿಸದೇ ಸತ್ತಳು. ಎಲ್ಲಿ ಹೂತಳು ಅಂತ ನಂಗೂ ಗೊತ್ತಿರಲಿಲ್ಲ. ಈಗ ಕಲ್ಲೇ ಎದ್ದು ಬಂದಮೇಲೆ ನಂದೇನಿದೆ?’ ಎಂದ.

ನನಗೂ ನಗು ತಡೆಯಲಾಗಲಿಲ್ಲ. ಆದರೂ, ನಿನ್ನ ದನಿಯಲ್ಲಿ ಅಳುತ್ತಿದ್ದ ಆ ನೋರಾ ಇನ್ನಿಲ್ಲವಲ್ಲ ಎಂದು ಎದೆ ಚುರ್ ಎಂದಿತು. ನಿನಗೆ ಹೇಗನ್ನಿಸುತ್ತದೋ?

ಅಮ್ಮ ದಿನಾ ನಿನ್ನ ಹೆಸರಿನಲ್ಲಿ ಜಪಮಣಿ ಎಣಿಸುತ್ತಾಳೆ. ಸಂತ ಬ್ರಿಜಿತ್ ನಿನ್ನನ್ನು ಕಾಯಲಿ.

ನಿನ್ನ
ಮುಯಿರಿನ್

ತಾ.ಕ.: ಅಪ್ಪಾ, ಬೈಯಬೇಡ. ಅಧಿಕಾರಿ ಈಗಷ್ಟೇ ಮತ್ತೆ ಬಂದಿದ್ದರು. ಹೊಲ ನಮ್ಮದೆಂದು ಎಲ್ಲರೂ ನನ್ನ ಮುಖ ನೋಡಿದರು. ನಿನ್ನನ್ನು ಕೇಳಲು ಹೊತ್ತಿರಲಿಲ್ಲ. ಬೀಸುವ ಕಲ್ಲು ಎಂದೇ ಬರೆಸಿದೆ. ನೀನು ವಾಸಿಯಾಗಿ ದುಃಖದ ಊರಿಗೆ ಮರಳುವುದು ನನಗೆ ಬೇಡವಾಗಿತ್ತು.